ಮಾಮಾ ಗ್ರೇಸ್ ಹಸಿದವಳಲ್ಲ

ನೈರೋಬಿಯಲ್ಲಿ ನನ್ನ ಸಂಸಾರ ಶುರುವಾದದ್ದು ಹಾಲುಕ್ಕಿಸಿ ಅಲ್ಲ, ಬಕೆಟ್ ಕೆರೆದು. ವಿಮಾನ ಇಳಿದು ಬಂದ ಸಂಜೆ ಬಾಡಿಗೆ ಮನೆಯ ಬಾಗಿಲು ತೆಗೆದರೆ ನಡುಮನೆಯ ತುಂಬ ಬಿಳಿ ಪ್ಲಾಸ್ಟಿಕ್ ಬಕೆಟ್‌ಗಳು, ಒಂದರೊಳಗೊಂದು ಸೇರಿಸಿ ತಾರಸಿ ಮುಟ್ಟುವ ಹಾಗೆ ಪೇರಿಸಿದ್ದವು. ಲಿಂಗಪೂಜೆಗೆ ಒಂದು ಮೂಲೆ ನೋಡೋಣವೆಂದರೆ ಅಲ್ಲೂ ಬಕೆಟ್. ಪ್ರತಿಯೊಂದಕ್ಕೂ ಎರಡು ಚಿಹ್ನೆ ಅಂಟಿಸಿತ್ತು. ಒಂದು ನಮ್ಮನೆಯವರು ಕೆಲಸ ಮಾಡುವ ಪರಿಹಾರ ಸಂಸ್ಥೆಯದು, ಇನ್ನೊಂದು ಅದಕ್ಕೆ ದುಡ್ಡು ಕೊಟ್ಟ ದೂರದೇಶದವರದು. ಕೊಟ್ಟವರ ಚಿಹ್ನೆ ಬೆರಳಗಲ ಚಿಕ್ಕದಾಗಿಬಿಟ್ಟಿತ್ತಂತೆ. ಬೆಳಿಗ್ಗೆ ಲಾರಿ ಬರುವುದರೊಳಗೆ ಎಲ್ಲ ಕಿತ್ತು ಹೊಸದು ಅಂಟಿಸಬೇಕು.

"ನೀನೂ ಒಂದ್ ಕೈ ಹಾಕೇ" ಅಂದರು ಇವರು.

ತವರೂರು ಶಿವನಿಯಿಂದ ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ತಿನ್ನುತ್ತಾ ನಾನು, ಇವರು, ಮಗಳು ಸಿಂಚನಾ ಮೂವರೂ ನೆಲದ ಮೇಲೆ ಕೂತು ಉಗುರು ನೋಯುವ ತನಕ ಕೆರೆದೆವು. ನಗು ಬರುತ್ತಿತ್ತು, ಅದೇ ದೊಡ್ಡದು.

ತರೀಕೆರೆಯಲ್ಲಿ ನಮ್ಮತ್ತೆ ಕೇಳಿದವರಿಗೆಲ್ಲ ನನ್ನ ಮಗ ಬರಗಾಲದ ಆಫೀಸರ್ ಅನ್ನುತ್ತಾರೆ. ಹಾಗಲ್ಲ. ನೀರು ಹಂಚುವವರು ಬೇರೆ, ಕಾಳು ಹಂಚುವವರು ಬೇರೆ. ಹಂಚಿದ್ದು ಕಾಣುವ ಹಾಗೆ ಮಾಡುವುದು ಇವರ ಕೆಲಸ. ದಾನಿಗಳ ಚಿಹ್ನೆ ಎಲ್ಲೆಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಫೋಟೋದಲ್ಲಿ ಯಾರು ನಿಲ್ಲಬೇಕು, ಅದರ ಕೆಳಗೆ ಏನು ಬರೆಯಬೇಕು, ಇದನ್ನೆಲ್ಲ ನೋಡಿಕೊಳ್ಳಬೇಕು. ಇದಕ್ಕೆ ಅವರ ಆಫೀಸಿನಲ್ಲಿ ವಿಸಿಬಿಲಿಟಿ ಅನ್ನುತ್ತಾರೆ.

ನನಗದು ತಪ್ಪು ಅನ್ನಿಸಲಿಲ್ಲ. ನಮ್ಮ ಕಡೆ ಮಠದ ಫ್ಯಾನಿನ ಮೂರು ರೆಕ್ಕೆಯ ಮೇಲೂ ಕೊಟ್ಟವರ ಹೆಸರಿಲ್ಲವೇ? ಮದುವೆಯಲ್ಲಿ ಒಂದು ಲೋಟ ಕೊಟ್ಟರೂ ಹೆಸರು ಕೊರೆಸಿಯೇ ಕೊಡುತ್ತೇವೆ. ನನ್ನ ಅಡಿಗೆಮನೆಯ ಡಬ್ಬಿಗಳನ್ನು ಓದಿದರೆ ಅಜ್ಜಂಪುರದ ಅರ್ಧ ನೆಂಟರು ಸಿಗುತ್ತಾರೆ. ಆದರೆ ನಾವು ತಗೊಂಡವರ ಮುಖವನ್ನು ಡಬ್ಬಿಯ ಮೇಲೆ ಕೊರೆಸುವುದಿಲ್ಲ. ಈ ವ್ಯತ್ಯಾಸ ನನಗೆ ತಡವಾಗಿ ಹೊಳೆಯಿತು.

ಮೊದಲ ತಿಂಗಳುಗಳು ಚಳಿಯವು. ಆಫ್ರಿಕಾ ಅಂದರೆ ಉರಿಬಿಸಿಲು ಅಂದುಕೊಂಡು ಸ್ವೆಟರ್ ಬಿಟ್ಟು ಬಂದಿದ್ದೆ. ಇಲ್ಲಿನ ಜುಲೈ ನಮ್ಮ ಕೆಮ್ಮಣ್ಣುಗುಂಡಿಯ ಹಾಗೆ, ಬಟ್ಟೆ ಒಣಗುವುದಿಲ್ಲ. ಇವರು ಆಫೀಸಿಗೆ, ಮಗಳು ಸ್ಕೂಲಿಗೆ ಹೋದರೆ ಮನೆಯಲ್ಲಿ ನಾನು, ಪೂಜೆಯ ಶಿವ, ಫ್ರಿಜ್ಜಿನ ಸದ್ದು. ಶಿವನಿಯಲ್ಲಿ ಅಂಗಳಕ್ಕೆ ನೀರು ಹಾಕಲು ಹೊರಗೆ ಬಂದರೂ ನಾಲ್ಕು ಜನ ಏನ್ ಮಾಡ್ತಿದ್ದೀಯೇ ಅನ್ನುತ್ತಾರೆ. ಇಲ್ಲಿ ಗೋಡೆಯ ಮೇಲೆ ಕರೆಂಟ್ ತಂತಿ. ನೆರೆಯವರ ಕುಕ್ಕರ್ ಕೂಗುವುದು ಕೇಳುತ್ತದೆ, ಮುಖ ಕಾಣುವುದಿಲ್ಲ.

ನನ್ನನ್ನು ಮೊದಲು ಮಾತಾಡಿಸಿದವಳು ಮಾಮಾ ಗ್ರೇಸ್. ಬೀದಿ ಕೊನೆಯಲ್ಲಿ ಸೊಪ್ಪು ತರಕಾರಿ ಮಾರುತ್ತಿದ್ದಳು. ಇಲ್ಲಿ ಹೆಂಗಸರನ್ನು ಮಗುವಿನ ಹೆಸರು ಹಿಡಿದು ಕರೆಯುತ್ತಾರೆ, ನಮ್ಮಲ್ಲಿ ಸಿಂಚನಾಳ ಅಮ್ಮ ಅನ್ನುವ ಹಾಗೆ. ಅವಳ ಮಗಳು ಗ್ರೇಸ್. ನಾನು ಮಾಮಾ ಸಿಂಚನಾ ಆದೆ. ಒಂದು ದಿನ ಅವಳ ಚೀಲದೊಳಗೆ ಕೈ ಹಾಕಿ ನೋಡಿದರೆ ರಾಗಿ! ಇಲ್ಲಿ ಅದಕ್ಕೆ ವಿಂಬಿ ಅನ್ನುತ್ತಾರೆ, ಗಂಜಿ ಕಾಯಿಸಿ ಮಕ್ಕಳಿಗೆ ಕುಡಿಸುತ್ತಾರೆ. ಬೀದಿಯಲ್ಲೇ ಕಣ್ಣಲ್ಲಿ ನೀರು ಬಂತು. ಅವಳು "ಪೋಲೆ, ಪೋಲೆ" ಅಂದಳು. ಎಡವಿದವರಿಗೆ, ಸೀನಿದವರಿಗೆ, ಸತ್ತ ಮನೆಯವರಿಗೆ, ಎಲ್ಲರಿಗೂ ಇಲ್ಲಿ ಅದೇ ಮಾತು. ತಪ್ಪು ಯಾರದೇ ಇರಲಿ, ನಿನ್ನ ನೋವು ನನಗೆ ಕಂಡಿತು ಅಂತ ಅರ್ಥ. ನಮ್ಮಲ್ಲಿ ಅದಕ್ಕೆ ಸರಿಯಾದ ಒಂದು ಮಾತಿಲ್ಲ.

ಅವಳು ನನಗೆ ಭಾಷೆ ಕಲಿಸಿದಳು, ನಾನು ಅವಳಿಗೆ ಮುದ್ದೆ ಕಟ್ಟುವುದನ್ನು ಕಲಿಸಿದೆ. ಅವಳ ಚರ್ಚಿನ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಉತ್ತರದ ಕಡೆ ಮಳೆ ಹೋಗಿ ದನಗಳು ಸಾಯತೊಡಗಿದಾಗ ಮನೆಮನೆ ತಿರುಗಿ ಜೋಳದ ಹಿಟ್ಟು ಎತ್ತಿ ಕಳಿಸಿದವಳು ಅವಳು. ನಾನೂ ಒಂದು ಚೀಲ ಕೊಟ್ಟಿದ್ದೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಅವಳು ಕೊಡುವ ಸಾಲಿನವಳು.

ಒಂದು ಶನಿವಾರ ಅವಳನ್ನು ಊಟಕ್ಕೆ ಕರೆದೆ. ವಿಂಬಿ ಮುದ್ದೆ, ಇಲ್ಲಿನ ಸೊಪ್ಪಿನ ಬಸ್ಸಾರು. ಮುದ್ದೆಯನ್ನು ಅಗಿಯದೆ ನುಂಗಬೇಕು ಅಂದರೆ ಅಷ್ಟು ಹೊತ್ತು ಕಾಯಿಸಿ ಬಾಯಿಗೆ ಕೆಲಸವೇ ಕೊಡೋದಿಲ್ವಾ ಅಂತ ಛೇಡಿಸಿದಳು. ಹೊರಡುವಾಗ, ಮನೆಗೆ ಬಂದ ಹೆಂಗಸನ್ನು ಬರಿಗೈಲಿ ಹೇಗೆ ಕಳಿಸುವುದು? ಕುಂಕುಮ ಬೇಡ ಅಂದಳು, ಚರ್ಚಿನವಳು, ನಾನೂ ಒತ್ತಾಯ ಮಾಡಲಿಲ್ಲ. ಮಡ್ಲಕ್ಕಿ ಹಾಕುತ್ತೇನೆ ಅಂದೆ. ತವರಿನಿಂದ ಹೊರಟ ಮಗಳಿಗೆ ಹಾಕುವುದು ಅಂತ ವಿವರಿಸಿದೆ. ಇಲ್ಲಿನ ಹೆಂಗಸರು ಸೊಂಟಕ್ಕೆ ಲೆಸೊ ಅನ್ನುವ ಹೂವಿನ ಬಟ್ಟೆ ಸುತ್ತಿಕೊಳ್ಳುತ್ತಾರೆ. ಅವಳು ಅದನ್ನು ಬಿಚ್ಚಿ, ಹಿತ್ತಲಲ್ಲಿ ಮಂಡಿಯೂರಿ, ಎರಡೂ ತುದಿ ಹಿಡಿದು ಒಡ್ಡಿದಳು. ನಾನು ಬೊಗಸೆಯಲ್ಲಿ ಅಕ್ಕಿ, ಮೇಲೊಂದು ಕಾಯಿ, ಬೆಲ್ಲ, ರವಿಕೆ ಕಣ ಹಾಕಿದೆ. ಅವಳು ಕಣ್ಣು ಮುಚ್ಚಿ ಅವಳ ದೇವರನ್ನು ನೆನೆದಳು. ನಾನು ನನ್ನ ದೇವರನ್ನು ನೆನೆದೆ. ಪರದೇಶದಲ್ಲಿ ನನಗೂ ಒಬ್ಬಳು ಅಕ್ಕ ಸಿಕ್ಕಳು ಅನ್ನಿಸಿತು.

ಇವರು ಕ್ಯಾಮೆರಾ ಹಿಡಿದು ಬಂದದ್ದು ಆಗಲೇ. ಬಿಸಿಲು ಚೆನ್ನಾಗಿದೆ ಅಂತ ನಾಲ್ಕೈದು ಫೋಟೋ ತೆಗೆದರು. ಆಮೇಲೆ ಎಲ್ಲರ ಹತ್ತಿರ ತಗೊಳ್ಳುವ ಹಾಗೆ ಅವಳ ಹತ್ತಿರ ಒಂದು ಒಪ್ಪಿಗೆಯ ಸಹಿ ತಗೊಂಡರು. ನೆಂಟರ ಮನೆಯಲ್ಲಿ ಊಟ ಮಾಡಿ ಎದ್ದವಳು ಓದಿ ನೋಡುತ್ತಾಳೆಯೇ? ಹಾಕಿದಳು.

ತಿಂಗಳೊಪ್ಪತ್ತು ಕಳೆದಿರಬೇಕು. ಸೊಪ್ಪಿಗೆ ಹೋದರೆ ಮಾಮಾ ಗ್ರೇಸ್ ಫೋನ್ ಮುಂದೆ ಹಿಡಿದಳು. ಅದೇ ಫೋಟೋ. ನನ್ನ ಮುಖ ಕತ್ತರಿಸಿ ಕೈ ಮಾತ್ರ ಬಿಟ್ಟಿದ್ದರು. ಕಾಯಿ, ರವಿಕೆ ಕಣ ಇಲ್ಲದ, ಬರೀ ಅಕ್ಕಿ ಸುರಿಯುವ ಗಳಿಗೆ. ಮುಚ್ಚಿದ ಕಣ್ಣು ಅಳುತ್ತಿರುವ ಹಾಗೆ ಕಾಣುತ್ತಿತ್ತು. ಮೂಲೆಯಲ್ಲಿ ಎರಡು ಚಿಹ್ನೆ, ಎರಡೂ ಸರಿಯಾದ ಅಳತೆಯವು. ಕೆಳಗೆ, ಬರಕ್ಕೆ ಸಿಕ್ಕಿದ ಒಬ್ಬ ತಾಯಿ ಇವತ್ತು ಮಕ್ಕಳಿಗೆ ಉಣಿಸುತ್ತಾಳೆ ಅಂತ ಬರಹ. ಇಂಗ್ಲೆಂಡಿನಲ್ಲಿರುವ ಯಾರದೋ ನೆಂಟರು ಅದನ್ನು ನೋಡಿ ಚರ್ಚಿನವರಿಗೆ ಕಳಿಸಿದ್ದರು. ಉತ್ತರದವರ ಹೆಸರಲ್ಲಿ ಹಿಟ್ಟು ಎತ್ತಿದವಳು ತಾನೇ ಪರಿಹಾರ ತಗೊಂಡು ತಿಂದಳು ಅಂತ ಮಾತು ಹಬ್ಬಿತ್ತು. ಗುಂಪಿನ ಮುಂದಾಳುತನ ಬಿಡು ಅಂದಿದ್ದರು. ಅವಳ ಮಗಳು ಗ್ರೇಸ್ ಕಾಲೇಜಿಗೆ ಹೋಗುವುದಿಲ್ಲ ಅಂತ ಕೂತುಬಿಟ್ಟಿದ್ದಳು.

ಮಾಮಾ ಗ್ರೇಸ್ ಕೇಳಿದ್ದು ಇಷ್ಟೇ: ಭಾನುವಾರ ಚರ್ಚಿಗೆ ಬಂದು ಅವತ್ತು ಏನಾಯಿತು ಅಂತ ಎಲ್ಲರ ಮುಂದೆ ಹೇಳು.

ಸಂಜೆ ಇವರು ಶೂ ಬಿಚ್ಚುವ ಮೊದಲೇ ಕೇಳಿದೆ.

"ರೀ, ಅದು ನಮ್ಮ ಹಿತ್ಲು. ಅವ್ಳು ನಮ್ಮನೇಲಿ ಉಂಡು ಎದ್ದೋಳು."

"ಗೊತ್ತು ಕಣೇ. ಉತ್ತರದ ರಸ್ತೆ ಮುಚ್ಚಿತ್ತು, ಹೋಗಕ್ಕಾಗ್ಲಿಲ್ಲ. ದಾನಿಗಳಿಗೆ ಫೋಟೋ ಕಳಿಸೋ ದಿನ ಬಂದ್ಬಿಡ್ತು. ಸಹಿ ಹಾಕಿದಾಳಲ್ಲ."

"ಮಡಿಲು ಒಡ್ಡಿದೋರೆಲ್ಲ ಹಸಿದೋರಾ? ಜಾತ್ರೇಲಿ ಅಂತರಘಟ್ಟಮ್ಮನಿಗೂ ಮಡ್ಲಕ್ಕಿ ಹಾಕ್ತೀವಿ. ಹಂಗಾದ್ರೆ ಅವಳ್ದೂ ಒಂದ್ ಫೋಟೋ ಕಳಿಸ್ಬಿಡಿ."

ಇವರು ಬಗ್ಗಿ ಶೂ ಬಿಚ್ಚಿಟ್ಟರು. ಆಮೇಲೆ ಮೆಲ್ಲಗೆ ಅಂದರು, "ಆ ಫೋಟೋ ನೋಡಿ ಬಂದ ದುಡ್ಡಲ್ಲಿ ನಿಜವಾಗ್ಲೂ ಹಸಿದೋರಿಗೆ ನೀರು ಹೋಗ್ತಿದೆ. ಅದು ಸುಳ್ಳಾ ಹೇಳು."

ಅದು ಸುಳ್ಳಲ್ಲ. ಇವರು ಕೆಟ್ಟ ಮನುಷ್ಯರಲ್ಲ. ಉತ್ತರದಿಂದ ಬಂದ ದಿನ ಊಟ ಸೇರದೆ ಎದ್ದು ಹೋಗಿದ್ದನ್ನು ಕಂಡಿದ್ದೇನೆ. ಆದರೆ ನಾನು ಚರ್ಚಿಗೆ ಹೋದರೆ ಸುದ್ದಿ ಆಫೀಸಿಗೆ ಮುಟ್ಟುತ್ತದೆ, ಕೆಲಸ ಮುಂದುವರಿಯುವುದಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ, ಸಿಂಚನಾಳ ಸ್ಕೂಲು ಅರ್ಧಕ್ಕೆ ನಿಲ್ಲುತ್ತದೆ ಅಂತ ಒಂದೊಂದಾಗಿ ಹೇಳಿದರು. ಹೋಗಬೇಡ ಅಂತ ಮಾತ್ರ ಬಾಯಿ ಬಿಟ್ಟು ಹೇಳಲಿಲ್ಲ. ಅದನ್ನೂ ಒಂದು ಪುಣ್ಯ ಅಂತ ಲೆಕ್ಕಕ್ಕೆ ತಗೊಂಡೆ.

ಭಾನುವಾರ ವಿಭೂತಿ ಹಚ್ಚಿಕೊಂಡೇ ಚರ್ಚಿಗೆ ಹೋದೆ. ಹೇಳಬೇಕಾದ ಮಾತುಗಳನ್ನು ಮಗಳ ಹತ್ತಿರ ಕಲಿತಿದ್ದೆ, ಅವಳ ಸ್ವಾಹಿಲಿ ನನ್ನದಕ್ಕಿಂತ ಚೆನ್ನ. ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತರೆ ಕಲಿತದ್ದೆಲ್ಲ ಮರೆತುಹೋಯಿತು. ಸೆರಗು ಬಿಚ್ಚಿ ಒಡ್ಡಿ ತೋರಿಸಿದೆ. ನಮ್ಮ ಊರಲ್ಲಿ ಅಮ್ಮ ಮಗಳಿಗೆ ಹೀಗೆ ಕೊಡುತ್ತಾಳೆ, ಇದು ಭಿಕ್ಷೆಯಲ್ಲ, ಇವಳು ನನ್ನ ಮನೆಗೆ ನೆಂಟಳಾಗಿ ಬಂದವಳು, ಆ ಕೈ ನನ್ನದು, ಅಂತ ಬಂದಷ್ಟು ಸ್ವಾಹಿಲಿಯಲ್ಲೇ ಅಂದೆ. ಒಂದು ಮುದುಕಿ ಎದ್ದು ಬಂದು ನನ್ನ ಸೆರಗನ್ನು ಮತ್ತೆ ಹೆಗಲಿಗೆ ಹಾಕಿದಳು. ಹೆಂಗಸರು ನಂಬಿದರು. ಮಾಮಾ ಗ್ರೇಸ್‌ಗೆ ಅವಳ ಜಾಗ ಉಳಿಯಿತು.

ಹೊರಗೆ ಬಂದಾಗ ಅವಳು ನನ್ನ ಕೈ ಹಿಡಿದುಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಹಿಡಿಯಲಿಲ್ಲ.

"ಚೆನ್ನಾಗಿ ಹೇಳಿದೆ. ಈ ಬೀದಿಯಲ್ಲಿ ಇನ್ನು ಯಾರೂ ನನ್ನ ಕೇಳೋದಿಲ್ಲ" ಅಂದಳು. ಆಮೇಲೆ, "ಆ ಫೋಟೋ ಎಷ್ಟು ಊರಿಗೆ ಹೋಗಿದೆ? ಅಲ್ಲೆಲ್ಲ ಹೋಗಿ ನಿಂತು ಹೀಗೇ ಹೇಳ್ತೀಯಾ?"

ಆಫೀಸಿನವರು ಸದ್ದಿಲ್ಲದೆ ಫೋಟೋ ತೆಗೆದುಹಾಕಿದರು. ಅಷ್ಟರಲ್ಲಿ ಅದು ದಾನಿಗಳಿಗೆ ಬಹಳ ಹಿಡಿಸಿಬಿಟ್ಟಿತ್ತು. ಇವರ ಕೆಲಸ ಹೋಗಲಿಲ್ಲ, ಇನ್ನೂ ಮುಂದುವರಿಯಿತು. ಚರ್ಚಿನ ಮಾತು ಅಲ್ಲಿಗೆ ಮುಟ್ಟಿತೋ ಇಲ್ಲವೋ, ಮುಟ್ಟಿಯೂ ಬೇಡವಾಯಿತೋ ಗೊತ್ತಿಲ್ಲ. ನಾನು ಬೇಯಿಸುವ ಅನ್ನಕ್ಕೆ ಆ ಫೋಟೋದ ಋಣವಿದೆ. ಕೈಮುಗಿದೇ ಉಣ್ಣುತ್ತೇನೆ. ಮಾಮಾ ಗ್ರೇಸ್ ಈಗ ನನ್ನನ್ನು ಮೇಡಂ ಅನ್ನುತ್ತಾಳೆ.

ಮೊನ್ನೆ ಇವರ ಅಕ್ಕ ತರೀಕೆರೆಯಿಂದ ಫೋನ್ ಮಾಡಿದರು. ನಮ್ಮ ಸಮಾಜದವರು ಇವರಿಗೆ ಸನ್ಮಾನ ಇಟ್ಟುಕೊಂಡಿದ್ದಾರಂತೆ. ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಕಟ್ಟಿಸಿದ್ದಾರೆ. ಅದರ ಚಿತ್ರವನ್ನೂ ಕಳಿಸಿದರು. ಒಂದು ಕಡೆ ಕೋಟು ಹಾಕಿದ ಇವರು. ಇನ್ನೊಂದು ಕಡೆ, ಎಲ್ಲಿಂದ ಹುಡುಕಿ ತೆಗೆದರೋ, ಮಂಡಿಯೂರಿದ ಮಾಮಾ ಗ್ರೇಸ್.

"ನೋಡಿದ್ಯೇನೇ, ಕಡೂರಿನ ತನಕ ಹೆಸರಾಗಿದೆ ನಿನ್ ಗಂಡನ್ದು. ಸ್ಟೇಜಲ್ಲಿ ನಿನಗೂ ಒಂದ್ ಕುರ್ಚಿ ಹಾಕ್ಸಿದಾರೆ" ಅಂದರು ಅಕ್ಕ.

ಮುಂದಿನ ವಾರ ಇವರೂ ಸಿಂಚನಾಳೂ ಹೊರಡುತ್ತಾರೆ. ನಾನು ಹೋಗುತ್ತಿಲ್ಲ. ಶಿವನಿಯಲ್ಲಿ ಅಮ್ಮ, ಇಷ್ಟು ದಿನದ ಮೇಲೆ ಬರೋದಿಲ್ಲ ಅಂತೀಯಲ್ಲೇ, ಊರು ಬೇಡವಾಯ್ತಾ ಅಂತ ಅಳುತ್ತಾಳೆ. ಊರು ಬೇಡವಾಗಿಲ್ಲ. ಅಲ್ಲಿ ಆ ಕುರ್ಚಿಯ ಮೇಲೆ ಕೂತು ಸುಮ್ಮನಿರುವುದು ನನ್ನಿಂದಾಗದು, ಎದ್ದು ನಿಂತು ಇವರ ಮುಂದೆಯೇ ಇದನ್ನು ಹೇಳುವ ಧೈರ್ಯವೂ ಇಲ್ಲ. ಇಲ್ಲಿ ಉಳಿದರೆ ನನ್ನನ್ನು ಮೇಡಂ ಅನ್ನುವ ಬೀದಿ. ಎರಡರಲ್ಲಿ ಯಾವುದು ನನ್ನ ಮನೆ ಅಂತ ಶಿವನನ್ನು ದಿನಾ ಕೇಳುತ್ತೇನೆ.

ಮಾಮಾ ಗ್ರೇಸ್ ಕೇಳಿದ ಊರುಗಳಿಗೆಲ್ಲ ಹೋಗುವ ಶಕ್ತಿ ನನಗಿಲ್ಲ. ಒಂದು ಊರಿಗಾದರೂ ಹೇಳಬಹುದು ಅಂತ ಇದನ್ನು ಬರೆದೆ. ಇವರಿಗೆ ಓದಲು ಕೊಟ್ಟೆ. ಓದಿ ಮಡಿಸಿ ಮೇಜಿನ ಮೇಲಿಟ್ಟರು. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ಆ ಫ್ಲೆಕ್ಸ್ ನೋಡಿ ಪಾಪ ಅನ್ನಬೇಡಿ. ಅವಳ ಹೆಸರು ಮಾಮಾ ಗ್ರೇಸ್. ಅವಳು ಅವತ್ತು ನಮ್ಮನೆಯಲ್ಲಿ ಹೊಟ್ಟೆ ತುಂಬ ಉಂಡಿದ್ದಳು.