ಕಾರಿನ ಕೆಳಗಿನ ಕೆಂಪು ನೀರು

ಗೆಳೆಯರೇ, ಇವತ್ತು ನನ್ನ ಕಾರು ಸತ್ತಿತು. ಅದೂ ಬೀಗರನ್ನು ಹಿಂದೆ ಕೂಡಿಸಿಕೊಂಡು, ಕಲ್ಲೂರಿನ ಏರಿನಲ್ಲಿ. ರಾಯಚೂರಿನಿಂದ ದೇವದುರ್ಗದವರೆಗೆ, ಕ್ಲಚ್ ಇಲ್ಲದೆ ತಾನೇ ಗೇರು ಬದಲಿಸುವ ಹಳೆಯ ವಿಲಾಯತಿ ಕಾರು ಇದ್ದದ್ದು ನನ್ನೊಬ್ಬನ ಹತ್ತಿರ. ಊರಲ್ಲಿ ನನ್ನ ಮಾತು ನಡೆಯುತ್ತಿದ್ದದ್ದೇ ಅದರಿಂದ.

ಇಂಜಿನ್ ಗರ್ಜಿಸಿತು, ಕಾರು ಕದಲಲಿಲ್ಲ.

"ಗೇರು ತಾನ ಹಾಕ್ಕೋತದ ಅಂದಿದ್ರಲ್ರೀ ಬೀಗರ?" ಎಂದರು ಹಿಂದೆ ಕೂತ ಬೀಗರು.

"ತಡೀರಿ, ವಿಚಾರ ಮಾಡಾಕತ್ತದ" ಎಂದೆ.

ಬೀಗರು ಬಸ್ಸು ಹತ್ತಿ ಹೋದರು. ಮಾನ್ವಿಯಿಂದ ಬಂದ ಖಾಜಾ ಮೇಸ್ತ್ರಿ ಕಾರಿನ ಕೆಳಗೆ ನುಸುಳಿ, ತಲೆ ಹಿಡಿದುಕೊಂಡು ಹೊರಬಂದ.

"ಗೇರುಪೆಟಿಗ್ಯಾಗ ಎಣ್ಣಿನ ಇಲ್ರೀ ಕಾಕಾ, ಎಲ್ಲಾ ಸುಟ್ಟದ. ಕೆಂಪು ಎಣ್ಣಿ ಸೋರಿದ್ದು ನೋಡಿಲ್ಲೇನ್ರೀ?"

ನೋಡಿದ್ದೆ. ತಿಂಗಳಿಂದ ದಿನಾ ಬೆಳಿಗ್ಗೆ ಕಾರಿನ ಕೆಳಗೆ ನೆಲ ಕೆಂಪಗಿರುತ್ತಿತ್ತು. ಊರೆಲ್ಲ ಕಣ್ಣು ಹಾಕುವ ಕಾರಲ್ಲವೇ, ಹೆಂಡತಿ ಅರಿಶಿನ-ಸುಣ್ಣದ ನೀರು ನಿವಾಳಿಸಿ ದೃಷ್ಟಿ ತೆಗೆಯುತ್ತಾಳೆಂದು ನಾನು ಹೆಮ್ಮೆಪಡುತ್ತಿದ್ದೆ. ತುಳಿಯಬಾರದೆಂದು ಸುತ್ತುಹಾಕಿ ಹತ್ತುತ್ತಿದ್ದೆ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಎಳೆಸಿ ತಂದೆ. ಟ್ರಂಕ್ ಕಾಲ್ ಹಚ್ಚಿ ಕೇಳಿದರೆ, ಮುಂಬಯಿಯಲ್ಲೂ ಆ ಗೇರುಪೆಟ್ಟಿಗೆ ಸಿಗುವುದಿಲ್ಲವಂತೆ. ಕೊನೆಗೆ ಹೆಂಡತಿಯನ್ನೇ ಕೇಳಿದೆ: "ನೀ ಕಾರಿಗೆ ದೃಷ್ಟಿ ತೆಗೀತಿದ್ದಿಲ್ಲೇನು?"

"ನಾ ಯಾಕ ತೆಗೀಲಿ? ನಿಮ್ಮನ್ನ ಬಿಟ್ರ ಅದರ ಮ್ಯಾಗ ಕಣ್ಣು ಹಾಕೋರು ಊರಾಗ ಯಾರದಾರ್ರೀ?"

ಕಾರು ಅಂಗಳದಲ್ಲಿ ನಿಂತಿದೆ. ಕೆಳಗಿನ ನೆಲ ಈಗ ಸ್ವಚ್ಛವಾಗಿದೆ ಗೆಳೆಯರೇ, ಸೋರುವುದಕ್ಕೆ ಇನ್ನೇನೂ ಉಳಿದಿಲ್ಲ.