ಗುಡಿಸಿಟ್ಟ ಶರತ್ಕಾಲ

ಒಣಗಿದ ಎಲೆಗಳ ನಡುವೆ ನಿಲ್ಲಿಸಿ ಫೋಟೊ ತೆಗೆಯಿರಿ ಎಂದು ಜನ ದುಂಬಾಲು ಬೀಳುವ ಊರಿಗೆ ಬಂದು ಬಿದ್ದಿದ್ದೇನೆ. ಲಂಡನ್ನಿನಲ್ಲಿ ಅಕ್ಟೋಬರ್ ಬಂದದ್ದೇ ತಡ, ಮರ ಕೆಂಪಾಯಿತೇ, ಹಳದಿಯಾಯಿತೇ ಎಂದು ಒಬ್ಬರನ್ನೊಬ್ಬರು ವಿಚಾರಿಸತೊಡಗುತ್ತಾರೆ, ಮನೆಯಲ್ಲಿ ಹೆರಿಗೆಗೆ ದಿನ ಎಣಿಸುವ ಹಾಗೆ. ಇವರು ಇದನ್ನು ಆಟಮ್ ಎನ್ನುತ್ತಾರೆ, ಅಂದರೆ ಶರತ್ಕಾಲ.

ನಾನು ಕುಂದಾಪುರದಲ್ಲಿ ಹನ್ನೆರಡು ವರ್ಷ ಮದುವೆ ಫೋಟೊ ತೆಗೆದವನು. ಹೆಂಡತಿ ಸುಮಾಳಿಗೆ ಇಲ್ಲಿನ ಸಟನ್ ಎಂಬ ಬಡಾವಣೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದ್ದರಿಂದ ಅವಳ ಹಿಂದೆ ಬಂದೆ. ಎಂಟು ತಿಂಗಳು ಕ್ಯಾಮೆರಾ ಬ್ಯಾಗಿನಿಂದ ಹೊರಬರಲಿಲ್ಲ. ಅಡುಗೆ ಕಲಿತೆ, ಕೆಳಗಿನ ಫ್ಲ್ಯಾಟಿನವರಿಗೆ ದಿನಕ್ಕೆರಡು ಸಲ ‘ಸಾರಿ’ ಹೇಳುವುದನ್ನೂ ಕಲಿತೆ. ಆದರೆ ನೀನೇನು ಮಾಡುತ್ತೀ ಎಂದು ಯಾರಾದರೂ ಕೇಳಿದರೆ ‘ಹೆಂಡತಿ ನರ್ಸ್’ ಎಂದು ಜಾರಿಕೊಳ್ಳುತ್ತಿದ್ದೆ.

ಕೊನೆಗೆ, ಊರಿನ ಯಾರಿಂದಲೋ ನನ್ನ ನಂಬರು ಪಡೆದು, ಲಂಡನ್ನಿನ ಇನ್ನೊಂದು ತುದಿಯ ಕ್ವೀನ್ಸ್‌ಬರಿಯಿಂದ ಶೈಲಾ ಎಂಬವರು ಫೋನ್ ಮಾಡಿದರು. ಅವರೂ ಕುಂದಾಪುರದ ಕಡೆಯವರೇ, ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಗಿದೆ. ಅವರ ತಾಯಿ ಮೂರು ತಿಂಗಳಿದ್ದು ಬರುವ ಸೋಮವಾರ ಊರಿಗೆ ಹೊರಡುವವರಿದ್ದರು. ಹೊರಡುವ ಮೊದಲು ಮನೆ ಪಕ್ಕದ ಪಾರ್ಕಿನ ಮೇಪಲ್ ಮರದ ಕೆಳಗೆ ತಾಯಿಯ ಒಂದು ಒಳ್ಳೆಯ ಫೋಟೊ ಆಗಬೇಕಿತ್ತು. ನಾನು ಸುಮಾಳಿಗೆ ಹೇಳಿಬಿಟ್ಟೆ: “ಇದು ಕೆಟ್ರೆ ಕ್ಯಾಮೆರಾ ಕಪಾಟಿಗೆ. ನೀ ಹೇಳಿದ ಆ ಗೋಡೌನ್ ಕೆಲ್ಸಕ್ಕೆ ಹೂಂ ಅಂತೇನೆ.”

ಭಾನುವಾರ ಬೆಳಿಗ್ಗೆ ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಹೋದೆ. ಊರಿನಲ್ಲಿ ಹೊರಾಂಗಣದ ಫೋಟೊ ಎಂದರೆ ನಮ್ಮ ಮೊದಲ ಕೆಲಸ ಜಾಗ ಗುಡಿಸುವುದು. ಸೀರೆಯ ನೆರಿಗೆಗೆ ಒಂದು ಕಸ ಅಂಟಿದರೂ ಮದುಮಗಳ ಅತ್ತೆಯಿಂದ ಹಿಡಿದು ಅಡುಗೆಭಟ್ಟರವರೆಗೆ ಎಲ್ಲರೂ ನಮ್ಮನ್ನೇ ಬೈಯುತ್ತಾರೆ. ಹಾಗಾಗಿ ಈಸ್ಟ್ ಹ್ಯಾಮಿನ ಇಂಡಿಯನ್ ಅಂಗಡಿಯಲ್ಲಿ ಕೊಂಡಿದ್ದ ಹಿಡಿಸೂಡಿಯನ್ನು, ಅದೇ ತೆಂಗಿನ ಕಡ್ಡಿಯ ಪೊರಕೆಯನ್ನು, ಪೇಪರಿನಲ್ಲಿ ಸುತ್ತಿ ಟ್ಯೂಬ್ ರೈಲಿನಲ್ಲಿ ಕೊಂಡೊಯ್ದಿದ್ದೆ. ಮೇಪಲ್ ಮರದ ಕೆಳಗೆ ಮೊಣಕಾಲು ಮುಳುಗುವಷ್ಟು ಎಲೆ. ಬೆನ್ನು ಬಗ್ಗಿಸಿ ಒಂದೇ ಒಂದು ಎಲೆ ಉಳಿಯದಂತೆ ಗುಡಿಸಿ ಪೊದೆಯ ಹಿಂದೆ ರಾಶಿ ಹಾಕಿದೆ. ನಾಯಿಯೊಂದಿಗೆ ವಾಕಿಂಗ್ ಬಂದ ಅಜ್ಜ ನನ್ನನ್ನು ಕೌನ್ಸಿಲ್‌ನವನೆಂದು, ಅಂದರೆ ನಗರಸಭೆಯ ಆಳೆಂದು, ತಿಳಿದು ಥ್ಯಾಂಕ್ಸ್ ಹೇಳಿ ಹೋದ. ಉಬ್ಬಿಹೋದೆ.

ಶೈಲಾ ಬಂದವರೇ ನಿಂತಲ್ಲೇ ನಿಂತರು. “ಎಲೆ ಎಲ್ಲಿ? ನಿನ್ನೆ ಸಂಜೆ ಇಲ್ಲೆಲ್ಲ ಫುಲ್ ಇತ್ತಲ್ಲ?”

“ಗುಡ್ಸಿದೆ ಮೇಡಂ,” ಎಂದೆ, ಹೆಮ್ಮೆಯಿಂದಲೇ.

“ಗುಡಿಸಿದ್ರಾ? ಆಟಮ್ ಫೋಟೊಗೆ ಬಂದು ಎಲೇನೇ ಗುಡಿಸಿದ್ರಾ?”

ಆಗ ಹೊಳೆಯಿತು ನೋಡಿ. ಕಾಲ ಕೆಳಗಿನ ನೆಲ ಬೋಳಾಗಿ ಕಾಣಿಸಿತು, ಗೋಡೌನು ಕಣ್ಣ ಮುಂದೆ ಬಂತು. ಹಿಡಿಸೂಡಿಯನ್ನು ಬೆನ್ನ ಹಿಂದೆ ಅಡಗಿಸಿದೆ.

ಅಷ್ಟರಲ್ಲಿ ಅವರ ತಾಯಿ ಗಿರಿಜಮ್ಮ ಮುಂದೆ ಬಂದರು. ನೀಲಿ ಸೀರೆ, ಮೇಲೆ ಅಳಿಯನ ಜಾಕೆಟ್, ಕಾಲಿಗೆ ಮೊಮ್ಮಗಳ ಶೂಸು. ನೆಲವನ್ನು ಆಚೀಚೆ ನೋಡಿ ಹೇಳಿದರು: “ಹ್ವಾಯ್, ಎಷ್ಟ್ ಲಾಯ್ಕ್ ಗುಡ್ಸಿದ್ರಿ ಮಾರಾಯ್ರೆ! ನಮ್ ಮನಿ ಅಂಗಳವೂ ಇಷ್ಟ್ ಚಂದ ಇಲ್ಲೆ.” ಮಗಳ ಕಡೆ ತಿರುಗಿ, “ನೀ ಎಂತಕ್ಕೆ ಮೋರೆ ಸಣ್ಣ್ ಮಾಡ್ತೆ? ತಂದ್ ಹಾಕಿರೆ ಆಯ್ತಪ್ಪ,” ಎಂದರು.

ನಾವು ಬೇಡ ಬೇಡ ಎನ್ನುವಷ್ಟರಲ್ಲಿ ಪೊದೆಯ ಹಿಂದೆ ಹೋಗಿ ಸೆರಗಿನ ತುಂಬ ಎಲೆ ತುಂಬಿಕೊಂಡು ಬಂದು, ಕೋಳಿಗಳಿಗೆ ಅಕ್ಕಿ ಚೆಲ್ಲಿದಂತೆ ಚೆಲ್ಲತೊಡಗಿದರು. ಎರಡನೆಯ ಸಲಕ್ಕೆ ಶೈಲಾರ ಕೋಪ ಇಳಿಯಿತು, ಮೂರನೆಯ ಸಲಕ್ಕೆ ಅವರೂ ಕೋಟು ಬಿಚ್ಚಿ ತಾಯಿಯ ಜೊತೆ ಸೇರಿದರು. ತಾಯಿ ಒಂದು ಹಿಡಿ ಎಲೆಯನ್ನು ಮಗಳ ತಲೆಗೇ ಎರಚಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಯಾರನ್ನೂ ನಿಲ್ಲಿಸಲಿಲ್ಲ, ಗಲ್ಲ ಎತ್ತಿ ಎನ್ನಲಿಲ್ಲ, ಇತ್ತ ನೋಡಿ ಎನ್ನಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಫೋಟೊ ತೆಗೆದೆ.

ಕ್ಯಾಮೆರಾದ ಹಿಂಬದಿಯಲ್ಲಿ ತೋರಿಸಿದಾಗ ಶೈಲಾ ಒಂದೊಂದನ್ನೂ ಎರಡೆರಡು ಸಲ ನೋಡಿದರು. “ಅಮ್ಮ ಹೀಗೆ ನಗೋದು ನನಗೆ ಮರ್ತೇ ಹೋಗಿತ್ತು,” ಎಂದರು. ಕಣ್ಣೊರೆಸಿಕೊಂಡು ತಕ್ಷಣ ವ್ಯವಹಾರಕ್ಕೆ ಇಳಿದರು: “ನಮ್ಮ ವಾಟ್ಸಾಪ್ ಗ್ರೂಪಲ್ಲಿ ಮೂರು ಫ್ಯಾಮಿಲಿ ಫೋಟೊಗೆ ಕೇಳ್ತಿದ್ದಾರೆ, ನಂಬರ್ ಕೊಡ್ತೀನಿ. ಮುಂದಿನ ವರ್ಷಾನೂ ನೀವೇ ಬರ್ಬೇಕು. ಇರ್ತೀರಲ್ಲ?”

“ಇರ್ತೇನೆ ಮೇಡಂ,” ಎಂದುಬಿಟ್ಟೆ.

ಸಟನ್ನಿನವರೆಗೂ ಟ್ರೇನಿನಲ್ಲಿ ಒಬ್ಬನೇ ನಗುತ್ತ ಕೂತಿದ್ದೆ. ಎದುರಿನಾಕೆ ಸೀಟು ಬದಲಿಸಿದಳು. ಬಾಗಿಲು ತೆಗೆದ ಸುಮಾ ನನ್ನ ಮುಖ ನೋಡಿಯೇ ಕುಣಿದಳು. ಆಮೇಲೆ ಊರಿನಲ್ಲಿರುವ ಅಮ್ಮನಿಗೆ ಸುದ್ದಿ ಹೇಳಲೆಂದು ಕೈಗೆತ್ತಿಕೊಂಡ ಫೋನನ್ನು ನಂಬರ್ ಒತ್ತದೆಯೇ ಕೆಳಗಿಟ್ಟೆ. ಪ್ರತಿ ವಾರ ಅಮ್ಮ ಯಾವಾಗ ಬರುತ್ತೀ ಎಂದು ಕೇಳುತ್ತಾಳೆ, ಇಲ್ಲಿ ನನಗೇನು ಕೆಲಸ, ಬಂದೇಬಿಡುತ್ತೇನೆ ಎನ್ನುತ್ತೇನೆ. ಊರಿಗೆ ಮರಳಲು ನನ್ನ ಬಳಿ ಇದ್ದದ್ದು ಅದೊಂದೇ ನೆಪ. ಅವತ್ತು, ಅಷ್ಟು ಖುಷಿಯಲ್ಲಿ, ಅದನ್ನು ಕಳೆದುಕೊಂಡು ಬಂದಿದ್ದೆ.