ಮುಟ್ಟಿದ ಹಾಳೆ

ಪುಣೆಯ ನಮ್ಮ ಪ್ಲಾಸ್ಟಿಕ್ ಪ್ರಯೋಗಾಲಯದ ಹುಲಿಗೆಪ್ಪ ಹನಿ ಇಡುವಾಗ ಉಸಿರು ಬಿಡುವುದಿಲ್ಲ, ನಮಗೂ ಬಿಡಗೊಡುವುದಿಲ್ಲ. ಪ್ಲಾಸ್ಟಿಕ್ ಹಾಳೆಯ ಮೇಲೆ ನೀರಿನ ಹನಿ ಎಷ್ಟು ಉಬ್ಬಿ ಕೂತಿದೆಯೆಂದು ಮಸೂರದಲ್ಲಿ ನೋಡಿ, ಅದರ ಅಂಚಿನ ಕೋನ ಅಳೆದು, ಹಾಳೆಯ ಮೇಲ್ಮೈ ನೀರನ್ನು ಎಷ್ಟು ಸೆಳೆಯುತ್ತದೆಂದು ಹೇಳುವುದು ಅವನ ಕೆಲಸ. ಯಾರಾದರೂ ಸೀನಿದರೆ ಅವರೊಂದಿಗೆ ವಾರ ಮಾತಿಲ್ಲ. ಡೈರೆಕ್ಟರೇ ಹಾಳೆ ಮುಟ್ಟಿದರೂ, "ಬೆರಳಿನ ಜಿಡ್ಡು ಹತ್ತೇದ್ರಿ, ಇನ್ನ ಇದು ಖರೆ ಹೇಳಂಗಿಲ್ರಿ" ಎಂದು ಬುಟ್ಟಿಗೆ ಎಸೆಯುತ್ತಾನೆ. ಮುಟ್ಟಿದ ಹಾಳೆ ಒಂದೇ ಒಂದು ಮಾತ್ರ ೧೯೯೮ರಿಂದ ಅವನ ಡ್ರಾಯರಿನಲ್ಲಿದೆ. ಪುಣೆಯ ಕೊಂಢವಾ ಬಡಾವಣೆಯ ಕಟ್ಟಡ ಕೆಲಸದಲ್ಲಿ ಸಿಮೆಂಟು ಹೊರುತ್ತಿದ್ದ ಅವನ ಹೆಂಡತಿ ಮರೆಮ್ಮ ಬುತ್ತಿ ತಂದ ದಿನ ಅದನ್ನು ಮುಟ್ಟಿದ್ದಳು. ತಪ್ಪು ತೋರಿಸಲೆಂದು ಅದನ್ನು ಮಸೂರದಡಿ ಇಟ್ಟವನು ಮತ್ತೆ ಮತ್ತೆ ಬಗ್ಗಿ ನೋಡಿದ. ನನ್ನನ್ನೂ ಕರೆದು ತೋರಿಸಿದ. ಹೆಬ್ಬೆರಳಿನ ಗುರುತಿತ್ತು, ಅದರಲ್ಲಿ ಗೆರೆ ಒಂದೂ ಇರಲಿಲ್ಲ. "ಗೆರಿ ಎಲ್ಲಾ ಸಿಮೆಂಟು ತಿಂದದ," ಎಂದ. "ಇದೊಂದು ಹಾಳಿ ಖರೆ ಹೇಳತದ್ರಿ."